ಆಟೋ ಹಿಂದಿನ ಫೋಟೊ ಎಲ್ಲರಿಗೂ ಗೊತ್ತು, ಸಿನಿಮಾ ನೋಡಿದವರು ಎಷ್ಟು ಮಂದಿ? ಶಂಕರ್ ನಾಗ್ ಬದುಕು, ನೋಡಲೇಬೇಕಾದ ಅವರ ಆರು ಕೆಲಸಗಳು

ಬೆಳಗಾವಿ: ನವೆಂಬರ್ ಬಂತಂದ್ರೆ ಊರಿನ ಆಟೋಗಳಿಗೆ ಒಂದು ಕಳೆ. ಕೆಂಪು-ಹಳದಿ ಬಾವುಟ, ಕನ್ನಡಿ ಹತ್ತಿರ ಹೂವಿನ ಮಾಲೆ. ಹಿಂದಿನ ಪರದೆ ಮೇಲೆ ಒಬ್ಬ ಮನುಷ್ಯನ ಮುಖ. ಕುರುಚಲು ಗಡ್ಡ, ಚುರುಕು ಕಣ್ಣು, ಮುಖದ ತುಂಬ ನಗು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗೋ ದಾರಿಯಲ್ಲಿ ಇರಲಿ, ರಾಜ್ಯದ ಯಾವ ಮೂಲೆಯಲ್ಲೇ ಇರಲಿ, ಆ ಮುಖ ಶಂಕರ್ ನಾಗ್ ಅವರದ್ದು ಅಂತ ಶಾಲೆ ಹುಡುಗರೂ ಹೇಳ್ತಾರೆ. ಅವರ ಹೆಸರಿನ ಆಟೋ ನಿಲ್ದಾಣಗಳು ಕರ್ನಾಟಕದ ತುಂಬ ಇವೆ.

ಆದ್ರೆ ಆ ಹುಡುಗರನ್ನ ಹಿಡಿದು ನಿಲ್ಲಿಸಿ, ಶಂಕರ್ ನಾಗ್ ಅವರ ಒಂದು ಪೂರ್ತಿ ಸಿನಿಮಾ ನೋಡಿದ್ದೀರಾ ಅಂತ ಕೇಳಿದ್ರೆ ಬಹಳಷ್ಟು ಮಂದಿ ಸುಮ್ಮನಾಗ್ತಾರೆ. ರೀಲ್ಸ್‌ನಲ್ಲಿ ಒಂದು ಹಾಡಿನ ತುಣುಕು, ಒಂದು ಫೈಟು ನೋಡಿರ್ತಾರೆ, ಅಷ್ಟೇ. ಅವರು ತೀರಿಹೋಗಿ 35 ವರ್ಷ ದಾಟಿದೆ. ಸ್ಟಿಕ್ಕರ್ ಉಳಿದು ಕೆಲಸ ಮರೆತುಹೋದ್ರೆ ನಷ್ಟ ಅವರಿಗಲ್ಲ, ನೋಡದೆ ಉಳಿದವರಿಗೆ. ಅದಕ್ಕೇ ಅವರ ಬದುಕಿನ ಜೊತೆಗೆ, ಅಂಗಡಿ ಬಾಗಿಲು ಹಾಕಿದ ಮೇಲೆ ಮನೆಮಂದಿ ಕೂತು ನೋಡಬಹುದಾದ ಅವರ ಆರು ಕೆಲಸಗಳ ಮಾತನ್ನೂ ಇಲ್ಲಿ ಕೊಡಲಾಗಿದೆ.

ಮನೆಯಲ್ಲಿ ಕೊಂಕಣಿ, ಹುಟ್ಟಿದ್ದು ಬಾಂಬೆ ರಾಜ್ಯದಲ್ಲಿ

ಖಾನಾಪುರ ತಾಲೂಕಿನ ಕಾಡು ಮುಗಿಯೋ ಕಡೆ ಉತ್ತರ ಕನ್ನಡ ಜಿಲ್ಲೆ ಶುರುವಾಗುತ್ತೆ. ಆ ಜಿಲ್ಲೆಯ ಕೆಳಗಿನ ತುದಿಗೆ, ಶರಾವತಿ ಸಮುದ್ರ ಸೇರೋ ಹೊನ್ನಾವರ. ಅದೇ ತಾಲೂಕಿನ ಮಲ್ಲಾಪುರದಲ್ಲಿ 1954ರ ನವೆಂಬರ್ 9ರಂದು ಶಂಕರ್ ಹುಟ್ಟಿದರು. ಪೂರ್ತಿ ಹೆಸರು ಶಂಕರ್ ನಾಗರಕಟ್ಟೆ. ತಂದೆ ಸದಾನಂದ, ತಾಯಿ ಆನಂದಿ. ಅಣ್ಣ ಅನಂತ್ ನಾಗ್, ಅಕ್ಕ ಶ್ಯಾಮಲಾ. ಮನೆಮಾತು ಕೊಂಕಣಿ.

ಆಗ ಹೊನ್ನಾವರ ಯಾವ ರಾಜ್ಯದಲ್ಲಿತ್ತು ಅಂದ್ರೆ, ಬೆಳಗಾವಿ ಇದ್ದ ರಾಜ್ಯದಲ್ಲೇ. ಎರಡೂ ಬಾಂಬೆ ರಾಜ್ಯದ ಜಿಲ್ಲೆಗಳು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದಾಗ ಶಂಕರ್‌ಗೆ ಎರಡು ವರ್ಷವೂ ತುಂಬಿರಲಿಲ್ಲ. ಅಂದ್ರೆ ಬೆಳಗಾವಿ ಮಂದಿಯಂತೆ ಅವರ ಕುಟುಂಬಕ್ಕೂ ದೊಡ್ಡ ಪಟ್ಟಣ ಅಂದ್ರೆ ಬೆಂಗಳೂರಲ್ಲ, ಮುಂಬೈ. ಓದು, ನೌಕರಿ, ನಾಟಕ ಏನೇ ಬೇಕಂದ್ರೂ ಆ ಕಡೆಯ ಜನ ಮುಂಬೈ ಹಾದಿ ಹಿಡಿಯೋರು. ಖಾನಾಪುರ ಕಡೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅದೇ ರೂಢಿ.

ಅಣ್ಣ ಅನಂತ್ ಮೊದಲು ಮುಂಬೈಗೆ ಹೋಗಿ ರಂಗಭೂಮಿ ಸೇರಿದ್ದರು. ಶಂಕರ್ ಕೂಡ ಓದಿನ ನಂತರ ಅಲ್ಲೇ ಮರಾಠಿ ನಾಟಕಗಳ ಸಹವಾಸಕ್ಕೆ ಬಿದ್ದರು. ಮರಾಠಿ ರಂಗಭೂಮಿ ಆಗ ಬಹಳ ಗಟ್ಟಿ. ಸಣ್ಣ ಥಿಯೇಟರ್, ಕಡಿಮೆ ಖರ್ಚು, ತಿಂಗಳುಗಟ್ಟಲೆ ತಾಲೀಮು. ವೇದಿಕೆ ಮೇಲೆ ಹೇಗೆ ನಿಲ್ಲಬೇಕು ಅನ್ನೋದರ ಜೊತೆಗೆ ಕಡಿಮೆ ದುಡ್ಡಿನಲ್ಲಿ ದೊಡ್ಡ ಕೆಲಸ ಎತ್ತೋದನ್ನೂ ಅಲ್ಲಿ ಕಲಿತರು. ಮುಂದೆ ಕನ್ನಡದಲ್ಲಿ ಅವರು ಮಾಡಿದ ಎಲ್ಲಾ ಕೆಲಸಕ್ಕೂ ಆ ಪಾಠವೇ ಬಂಡವಾಳ. ಮುಂದೆ ಕೈಹಿಡಿದ ಅರುಂಧತಿ ಅವರ ಪರಿಚಯ ಆಗಿದ್ದೂ ಮುಂಬೈ ರಂಗಭೂಮಿಯಲ್ಲೇ. 1980ರಲ್ಲಿ ಮದುವೆ ಆಯಿತು.

ಕೊಂಕಣಿ ಮನೆಯ ಹುಡುಗ, ಮರಾಠಿ ನಾಟಕದಲ್ಲಿ ಪಳಗಿದವನು, ಕನ್ನಡದ ಶಂಕರಣ್ಣ ಆಗಿದ್ದು ಹೇಗೆ? ಅದಕ್ಕೆ ಧಾರವಾಡದ ನಂಟಿರೋ ಒಬ್ಬರು ಕಾರಣ.

ಮೊದಲನೇದು: 'ಒಂದಾನೊಂದು ಕಾಲದಲ್ಲಿ'

ಗಿರೀಶ್ ಕಾರ್ನಾಡ್ ಅವರು 1978ರಲ್ಲಿ ಈ ಸಿನಿಮಾ ಮಾಡಿದರು. ಗಂಡುಗಲಿ ಅನ್ನೋ ಪಾತ್ರಕ್ಕೆ ಶಂಕರ್ ಅವರನ್ನ ಆರಿಸಿದರು. ಗಂಡುಗಲಿ ಅಂದ್ರೆ ಕೂಲಿಗೆ ಕತ್ತಿ ಹಿಡಿಯೋ ಸೈನಿಕ. ರೊಕ್ಕ ಕೊಟ್ಟವರ ಕಡೆ ಹೋರಾಡೋನು. ಇಬ್ಬರು ದಾಯಾದಿ ಪಾಳೇಗಾರರ ಜಗಳದಲ್ಲಿ ಸಿಕ್ಕೊಂಡು, ಕೊನೆಗೆ ಎದುರಾಳಿ ಕಡೆಯ ಸೇನಾಪತಿ ಪೆರ್ಮಾಡಿ ಜೊತೆಗೇ ಒಂದಾಗ್ತಾನೆ. ಪೆರ್ಮಾಡಿ ಪಾತ್ರ ಸುಂದರ್ ಕೃಷ್ಣ ಅರಸ್ ಅವರದ್ದು. ಅವರ ಆ ಗಡಸು ದನಿ ಕೇಳೋದಕ್ಕೇ ಒಮ್ಮೆ ನೋಡಬೇಕು.

ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ ಸಮುರಾಯ್ ಸಿನಿಮಾಗಳ ಪ್ರಭಾವ ಇದರ ಮೇಲಿದೆ. ಆದ್ರೆ ಕಾಡು, ಮಳೆ, ಕೆಸರು, ಮಾತು ಎಲ್ಲಾ ನಮ್ಮ ನೆಲದ್ದೇ. ರಾಜರ ಸಿನಿಮಾ ಅಂದ್ರೆ ಝಗಮಗ ಕಿರೀಟ, ಬಣ್ಣದ ಅರಮನೆ ಅಂತ ರೂಢಿಯಾದವರಿಗೆ ಇಲ್ಲಿ ಮಣ್ಣಿನ ಕೋಟೆ, ಬೆವರಿನ ಮೈ ಕಾಣುತ್ತೆ. ಕಿತ್ತೂರು, ನಂದಗಡದ ಚರಿತ್ರೆ ಕೇಳಿ ಬೆಳೆದವರಿಗೆ ಈ ಚಿತ್ರ ಬಹಳ ಹತ್ತಿರ ಅನಿಸುತ್ತೆ.

ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಶಂಕರ್ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟನಿಗೆ ಕೊಡೋ ಬೆಳ್ಳಿ ನವಿಲು ಪ್ರಶಸ್ತಿ ಸಿಕ್ಕಿತು. ವಯಸ್ಸು ಇನ್ನೂ 25 ತುಂಬಿರಲಿಲ್ಲ. ಕನ್ನಡದಲ್ಲಿ ಅವರ ಹೆಜ್ಜೆ ಹೀಗೆ ಶುರುವಾಯಿತು.

ಖಾಕಿ ಅಂಗಿ ಹಾಕಿದ ಹೀರೊ

ಪ್ರಶಸ್ತಿ ಬಂದ ನಟರು ಸಾಮಾನ್ಯವಾಗಿ ಪ್ರಶಸ್ತಿ ಸಿನಿಮಾಗಳ ಕಡೆಗೇ ಉಳೀತಾರೆ. ಶಂಕರ್ ಹಾಗೆ ಮಾಡಲಿಲ್ಲ. 1979ರ 'ಸೀತಾರಾಮು', 1980ರ 'ಆಟೋ ರಾಜ' ಬಂದ ಮೇಲೆ ಅವರು ಗಲ್ಲಿ ಗಲ್ಲಿಯ ಹೀರೊ ಆದರು. 'ಆಟೋ ರಾಜ'ದ ನಿರ್ದೇಶಕರು ವಿಜಯ್, ನಾಯಕಿ ಗಾಯತ್ರಿ. ಕಥೆ ದೊಡ್ಡದೇನಲ್ಲ. ಆದ್ರೆ ಆವರೆಗೆ ಸಿನಿಮಾದಲ್ಲಿ ಆಟೋ ಓಡಿಸೋನು ಅಂದ್ರೆ ಹೀರೊನ್ನ ಕೂರಿಸ್ಕೊಂಡು ಹೋಗಿ ಬಿಡೋನು. ಇಲ್ಲಿ ಓಡಿಸೋನೇ ಹೀರೊ. ಖಾಕಿ ಅಂಗಿ ಹಾಕ್ಕೊಂಡು ಬೆಳಿಗ್ಗೆ ಮನೆಯಿಂದ ಹೊರಡೋರಿಗೆ, ತೆರೆ ಮೇಲೆ ಅದೇ ಅಂಗಿ ಕಂಡಾಗ ಏನನಿಸಿರಬೇಕು ಅನ್ನೋದಕ್ಕೆ ಇವತ್ತಿನ ಸ್ಟಿಕ್ಕರ್‌ಗಳೇ ಸಾಕ್ಷಿ.

ಇಲ್ಲಿ ಒಂದು ಮಾತು ನೇರ ಹೇಳಬೇಕು. 12 ವರ್ಷದಲ್ಲಿ ಶಂಕರ್ ಸುಮಾರು 80 ಸಿನಿಮಾಗಳಲ್ಲಿ ನಟಿಸಿದರು. ಅಷ್ಟೂ ನೋಡಬೇಕಾಗಿಲ್ಲ. ಬಹಳಷ್ಟು ಫೈಟಿನ ಸಿನಿಮಾಗಳು. ಕರಾಟೆ ಕಿಂಗ್ ಅಂತ ಬಿರುದು ಬಂದಿದ್ದೂ ಅವುಗಳಿಂದಲೇ. ಬೆಳಿಗ್ಗೆ ಒಂದು ಶೂಟಿಂಗ್, ಸಂಜೆ ಇನ್ನೊಂದು, ರಾತ್ರಿ ನಾಟಕದ ತಾಲೀಮು ಅನ್ನೋ ಓಟದಲ್ಲಿ ಕೆಲವು ಹಾಗೇ ಬಂದು ಹಾಗೇ ಹೋದವು. ಪೊಲೀಸ್ ಕಥೆ ಇಷ್ಟ ಇದ್ದವರು 1988ರ 'ಸಾಂಗ್ಲಿಯಾನ' ಹಾಕ್ಕೊಂಡು ನೋಡಬಹುದು. ಎಚ್.ಟಿ. ಸಾಂಗ್ಲಿಯಾನ ಅನ್ನೋ ನಿಜವಾದ ಪೊಲೀಸ್ ಅಧಿಕಾರಿ ಹೆಸರಿನ ಸಿನಿಮಾ ಅದು. ಅದರ ಎರಡನೇ ಭಾಗವೂ ಬಂತು. ಉಳಿದವನ್ನ ಬಿಟ್ಟರೂ ನಡೆಯುತ್ತೆ. ಆದ್ರೆ ಅವರು ಕ್ಯಾಮೆರಾ ಹಿಂದೆ ನಿಂತು ಮಾಡಿದ್ದನ್ನ ಬಿಡಬಾರದು.

ಎರಡು, ಮೂರು: 'ಮಿಂಚಿನ ಓಟ' ಮತ್ತು 'ಗೀತಾ'

'ಮಿಂಚಿನ ಓಟ' 1980ರಲ್ಲಿ ಬಂದ, ಶಂಕರ್ ನಿರ್ದೇಶನದ ಮೊದಲ ಸಿನಿಮಾ. ಆಗ ಅವರ ವಯಸ್ಸು 25-26. ಇವತ್ತು ಅದೇ ವಯಸ್ಸಿನ ಹುಡುಗರು ಡಿಗ್ರಿ ಮುಗಿಸಿ ಏನು ಮಾಡೋದು ಅಂತ ಯೋಚನೆಯಲ್ಲಿರ್ತಾರೆ. ಶಂಕರ್, ಅನಂತ್ ನಾಗ್, ಲೋಕನಾಥ್ ಮೂವರೂ ಇದರಲ್ಲಿ ಇದ್ದಾರೆ. ಕಾರು ಕದಿಯೋರ ಕಥೆ. ಸಿಕ್ಕಿಬೀಳೋದು, ಜೈಲು, ಅಲ್ಲಿಂದ ತಪ್ಪಿಸಿಕೊಳ್ಳೋ ಪ್ಲಾನು. ಕುಣಿತ, ಹಾಡು ಅಂತ ಸಮಯ ಕಳೆಯೋದಿಲ್ಲ. ಹೆಸರಿನಂಗೇ ಓಡ್ತಾ ಇರುತ್ತೆ. ಕಳ್ಳರನ್ನ ದೊಡ್ಡವರನ್ನಾಗಿ ಮಾಡದೆ, ಅವರೂ ಮನುಷ್ಯರೇ ಅಂತ ತೋರಿಸಿದ ಚಿತ್ರ. ರಾಜ್ಯ ಸರ್ಕಾರದ ಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿ ಇದಕ್ಕೆ ಬಂತು. ವೆಬ್ ಸೀರೀಸ್ ನೋಡಿ ಅಭ್ಯಾಸ ಆದ ಹುಡುಗರಿಗೆ ಶಂಕರ್ ನಾಗ್ ಪರಿಚಯ ಮಾಡಿಸಬೇಕಂದ್ರೆ ಇದರಿಂದ ಶುರು ಮಾಡೋದು ಒಳ್ಳೇದು.

'ಗೀತಾ' 1981ರದ್ದು. ಪ್ರೀತಿಸಿದ ಹುಡುಗಿಗೆ ವಾಸಿಯಾಗದ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಹುಡುಗ ಏನು ಮಾಡ್ತಾನೆ ಅನ್ನೋದೇ ಕಥೆ. ಸಂಗೀತ ಇಳಯರಾಜಾ ಅವರದ್ದು. ಸಿನಿಮಾ ನೋಡದವರಿಗೂ ಅದರ ಹಾಡುಗಳು ಬಾಯಿಪಾಠ. ಮದುವೆ ಆರ್ಕೆಸ್ಟ್ರಾದಿಂದ ಹಿಡಿದು ಚಹಾ ಅಂಗಡಿ ರೇಡಿಯೋವರೆಗೆ 40 ವರ್ಷದಿಂದ ಓಡ್ತಾನೇ ಇವೆ. ಕಥೆ ಗೊತ್ತಾದ ಮೇಲೆ ಅದೇ ಹಾಡು ಕೇಳಿದ್ರೆ ಬೇರೆ ರೀತಿ ಕೇಳಿಸುತ್ತೆ. ಅದಕ್ಕಾಗಿ ಆದ್ರೂ ಒಮ್ಮೆ ಪೂರ್ತಿ ನೋಡಬೇಕು.

ನಾಲ್ಕನೇದು: 'ಆಕ್ಸಿಡೆಂಟ್'

ಆರರಲ್ಲಿ ಒಂದೇ ನೋಡ್ತೀವಿ ಅನ್ನೋರು ಇದನ್ನ ನೋಡಲಿ. 80ರ ದಶಕದ ಮಧ್ಯದಲ್ಲಿ ಶಂಕರ್ ನಿರ್ದೇಶಿಸಿದ ಚಿತ್ರ. ರಾತ್ರಿ ಹೊತ್ತು ನಶೆಯಲ್ಲಿ ಕಾರು ಓಡಿಸಿಕೊಂಡು ಬರೋ ರಾಜಕಾರಣಿ ಮಗ, ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಜನರ ಮೇಲೆ ಹರಿಸ್ತಾನೆ. ಆಮೇಲೆ ಶುರುವಾಗೋದೇ ನಿಜವಾದ ಕಥೆ. ಕೇಸು ಮುಚ್ಚೋದಕ್ಕೆ ಫೋನುಗಳು ಓಡಾಡ್ತವೆ. ಎದುರಿಗೆ ಚುನಾವಣೆ. ಸತ್ಯ ಹುಡುಕಿಕೊಂಡು ಹೋಗೋ ಪತ್ರಕರ್ತನ ಪಾತ್ರ ಶಂಕರ್ ಅವರದ್ದು. ಆ ರಾಜಕಾರಣಿ ಅನಂತ್ ನಾಗ್. ಬದುಕುಳಿದ ಕೂಲಿಯವನಾಗಿ ರಮೇಶ್ ಭಟ್.

ಸಾಮಾಜಿಕ ಸಮಸ್ಯೆ ಮೇಲಿನ ಅತ್ಯುತ್ತಮ ಚಿತ್ರ ಅಂತ ಇದಕ್ಕೆ ರಾಷ್ಟ್ರಪ್ರಶಸ್ತಿ ಕೊಟ್ಟರು. ಪ್ರಶಸ್ತಿಗಿಂತ ದೊಡ್ಡದು ಏನಂದ್ರೆ, ನಲವತ್ತು ವರ್ಷ ಕಳೆದ್ರೂ ಈ ಕಥೆ ಹಳೇದಾಗಿಲ್ಲ. ದೊಡ್ಡವರ ಮಕ್ಕಳ ಕಾರು, ರಸ್ತೆ ಬದಿ ಸತ್ತ ಬಡವರು, ಹೇಳಿಕೆ ಬದಲಿಸೋ ಸಾಕ್ಷಿಗಳು. ಪೇಪರ್ ತೆಗೆದ್ರೆ ಇಂಥ ಸುದ್ದಿ ಈಗಲೂ ಸಿಗುತ್ತೆ. ರಸ್ತೆ ಬದಿ ಅಂಗಡಿ ಇಟ್ಟುಕೊಂಡವರಿಗೆ, ತಳ್ಳುಗಾಡಿಯವರಿಗೆ, ಜಾತ್ರೆ ಸಂತೆಗೆ ಹೋಗಿ ಬಯಲಲ್ಲೇ ಮಲಗೋ ವ್ಯಾಪಾರಿಗಳಿಗೆ ಈ ಸಿನಿಮಾ ಕಥೆ ಅಂತ ಅನಿಸೋದಿಲ್ಲ. ಕೊನೆಗೆ ಏನಾಗುತ್ತೆ ಅನ್ನೋದನ್ನ ಇಲ್ಲಿ ಹೇಳೋದು ಬೇಡ. ನೋಡಿಯೇ ತಿಳೀಬೇಕು.

ಐದನೇದು: 'ಮಾಲ್ಗುಡಿ ಡೇಸ್'

ಟಿವಿ ಅಂದ್ರೆ ದೂರದರ್ಶನ ಒಂದೇ ಇದ್ದ ಕಾಲ. ಓಣಿಗೆ ಒಂದೋ ಎರಡೋ ಮನೆಯಲ್ಲಿ ಡಬ್ಬಿ ಟಿವಿ. ಅಕ್ಕಪಕ್ಕದ ಮಕ್ಕಳೆಲ್ಲ ಆ ಮನೆ ಹೊಸ್ತಿಲಲ್ಲಿ. 1986-87ರ ಹೊತ್ತಿಗೆ ಇಡೀ ದೇಶಕ್ಕೆ 'ಮಾಲ್ಗುಡಿ ಡೇಸ್' ಬಂತು. ಆರ್.ಕೆ. ನಾರಾಯಣ್ ಕಥೆಗಳು, ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಚಿತ್ರಗಳು, ಎಲ್. ವೈದ್ಯನಾಥನ್ ಸಂಗೀತ, ಟಿ.ಎಸ್. ನರಸಿಂಹನ್ ನಿರ್ಮಾಣ. ನಿರ್ದೇಶನ ಶಂಕರ್ ನಾಗ್. ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾಡಿದ ಧಾರಾವಾಹಿ. ಆದ್ರೆ ನಟರು ಬಹುತೇಕ ಕನ್ನಡದವರು, ಊರು ಪೂರ್ತಿ ಕನ್ನಡದ್ದು.

ನಾರಾಯಣ್ ಅವರ ಮಾಲ್ಗುಡಿ ಎಲ್ಲೂ ಇಲ್ಲದ ಊರು. ಅದನ್ನ ಶಂಕರ್ ಹುಡುಕಿದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ಹಂಚಿನ ಮನೆಗಳು, ಕಂಬದ ಪಡಸಾಲೆ, ಬಿಡದೆ ಸುರಿಯೋ ಮಳೆ, ಪಾಚಿ ಕಟ್ಟಿದ ಗೋಡೆ. ಜಾಂಬೋಟಿ, ಕಣಕುಂಬಿ ಕಡೆಯವರು ನೋಡಿದ್ರೆ ತಮ್ಮೂರೇ ಅಂತಾರೆ. ಮಾಲ್ಗುಡಿ ರೈಲು ನಿಲ್ದಾಣ ಅಂತ ತೋರಿಸಿದ್ದು ಶಿವಮೊಗ್ಗ-ತಾಳಗುಪ್ಪ ದಾರಿಯ ಅರಸಾಳು. ನೈರುತ್ಯ ರೈಲ್ವೆಯವರು ಅದನ್ನ ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಖಾನಾಪುರ, ಲೋಂಡಾ ನಿಲ್ದಾಣಗಳಲ್ಲಿ ಮಳೆಗಾಲದಲ್ಲಿ ರೈಲಿಗೆ ಕಾದವರಿಗೆ ಆ ಪ್ಲಾಟ್‌ಫಾರ್ಮ್ ಹೊಸದಲ್ಲ.

ಎಲ್ಲಿಂದ ಶುರು ಮಾಡೋದು? ಮಕ್ಕಳಿದ್ದ ಮನೆಯವರು ಸ್ವಾಮಿ ಕಥೆಯಿಂದ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಲೆಕ್ಕ ಬಾರದ ಹುಡುಗ, ಬೆತ್ತದ ಮಾಸ್ತರು, ದೋಸ್ತರ ಜಗಳ, ಕ್ರಿಕೆಟ್ ತಂಡ ಕಟ್ಟೋ ಗಡಿಬಿಡಿ. ಮಕ್ಕಳಿಗೆ ಹಿಂದಿ ಪೂರ್ತಿ ತಿಳೀದಿದ್ರೂ ಸ್ವಾಮಿ ಮುಖ ನೋಡಿ ತಿಳ್ಕೋತಾರೆ.

ಅಂಗಡಿಕಾರರು ಮಾತ್ರ ಮಿಠಾಯಿ ವ್ಯಾಪಾರಿ ಜಗನ್ ಕಥೆ ಬಿಡಬಾರದು. ಜಗನ್ ಪಾತ್ರದಲ್ಲಿ ಅನಂತ್ ನಾಗ್. ಭಗವದ್ಗೀತೆ ಓದ್ತಾ ಗಲ್ಲೆ ಮೇಲೆ ಕೂರೋ ಮನುಷ್ಯ. ತಾನು ಸಕ್ಕರೆ ಬಿಟ್ಟಿದ್ದಾನೆ, ಊರಿಗೆಲ್ಲ ಸಿಹಿ ಮಾರ್ತಾನೆ. ನಾರಾಯಣ್ ಕಾದಂಬರಿಯಲ್ಲಿ ಜಗನ್ ಲೆಕ್ಕಕ್ಕೆ ತೋರಿಸದ ರೊಕ್ಕವನ್ನ ಬೇರೆ ಇಡ್ತಾನೆ. ಯಾವ ಊರಿನ ವ್ಯಾಪಾರಿಗೂ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನೇ ಮಗ ಅಮೆರಿಕಕ್ಕೆ ಹೋಗಿ ಬರ್ತಾನೆ. ಅಪ್ಪನ ಅಂಗಡಿ ಅವನಿಗೆ ಬೇಡ. ಕಥೆ ಬರೆಯೋ ಯಂತ್ರದ ಫ್ಯಾಕ್ಟರಿ ಹಾಕ್ತೀನಿ, ಬಂಡವಾಳ ಕೊಡು ಅಂತಾನೆ. ಕುಂದಾ ಅಂಗಡಿ ಇರಲಿ, ಕಿರಾಣಿ ಇರಲಿ, ಬಟ್ಟೆ ಅಂಗಡಿ ಇರಲಿ, ತಾನು ಕಟ್ಟಿದ ಅಂಗಡಿಯಲ್ಲಿ ಮಗ ಕೂರ್ತಾನೋ ಇಲ್ಲವೋ ಅನ್ನೋ ಚಿಂತೆ ಇದ್ದ ಪ್ರತಿ ಅಪ್ಪನಿಗೂ ಇದು ತನ್ನ ಮನೆ ಕಥೆ. ಮಗನನ್ನೂ ಜೊತೆಗೆ ಕೂರಿಸ್ಕೊಂಡು ನೋಡಿದ್ರೆ ಇನ್ನೂ ಒಳ್ಳೇದು.

ಶಂಕರ್ ಮಾಡಿದ್ದು 39 ಕಂತು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಮತ್ತಷ್ಟು ಕಂತು ಬಂದವು. ಹೊಸಬರು ಮೊದಲ 39ರಿಂದಲೇ ಶುರು ಮಾಡಲಿ.

ಆರನೇದು: 'ಒಂದು ಮುತ್ತಿನ ಕಥೆ'

1987ರಲ್ಲಿ ಬಂದ ಈ ಚಿತ್ರದಲ್ಲಿ ಶಂಕರ್ ನಿರ್ದೇಶಕ, ಡಾ. ರಾಜ್‌ಕುಮಾರ್ ನಾಯಕ. ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಬರೆದ 'ದಿ ಪರ್ಲ್' ಕಥೆಯ ಆಧಾರ. ಸಮುದ್ರದಲ್ಲಿ ಮುಳುಗಿ ಮುತ್ತು ತೆಗೆಯೋ ಬಡವನಿಗೆ ಒಂದು ದೊಡ್ಡ ಮುತ್ತು ಸಿಗುತ್ತೆ. ಕಷ್ಟ ತೀರಿತು ಅಂದ್ಕೊಂಡ್ರೆ ಅಲ್ಲಿಂದಲೇ ಕಷ್ಟ ಶುರು. ನೀರಿನೊಳಗಿನ ದೃಶ್ಯಗಳನ್ನ ಕನ್ನಡದಲ್ಲಿ ಆಗಿನ ಕಾಲಕ್ಕೆ ತೆಗೆದಿದ್ದು ದೊಡ್ಡ ಸಾಹಸ. ರಾಜ್‌ಕುಮಾರ್ ಅಂದ್ರೆ ಹೀಗೇ ಇರಬೇಕು ಅಂದ್ಕೊಂಡವರಿಗೆ ಅವರನ್ನ ಬೇರೆ ರೀತಿ ತೋರಿಸಿದ ಸಿನಿಮಾ. ಆಗ ಬಹಳಷ್ಟು ಮಂದಿಗೆ ಹಿಡಿಸಲಿಲ್ಲ. ಈಗ ನೋಡಿದ್ರೆ ನಿಧಾನ ಅನಿಸಬಹುದು, ಆದ್ರೆ ದುಡ್ಡು ಬಂದ ಮನೆಗೆ ಯಾರ್‍ಯಾರು ಬಂದು ನಿಲ್ತಾರೆ ಅನ್ನೋದನ್ನ ಇಷ್ಟು ಚೆಂದ ತೋರಿಸಿದ ಚಿತ್ರ ಕಡಿಮೆ.

ಸಿನಿಮಾ ಹೊರಗಿನ ಓಟ

ಶೂಟಿಂಗ್ ನಡುವೆಯೇ ಶಂಕರ್ ಮತ್ತು ಅರುಂಧತಿ ಬೆಂಗಳೂರಿನಲ್ಲಿ ಸಂಕೇತ್ ಅನ್ನೋ ನಾಟಕ ತಂಡ ನಡೆಸಿದರು. 'ಅಂಜುಮಲ್ಲಿಗೆ', 'ಸಂಧ್ಯಾಛಾಯಾ', 'ನೋಡಿ ಸ್ವಾಮಿ ನಾವಿರೋದು ಹೀಗೆ' ಅದರ ನಾಟಕಗಳು. ಇವುಗಳಲ್ಲಿ 'ಸಂಧ್ಯಾಛಾಯಾ' ಮರಾಠಿಯ ಜಯವಂತ ದಳವಿ ಅವರದ್ದು. ಮುಂಬೈಯಲ್ಲಿ ಕಲಿತದ್ದನ್ನ ಹೀಗೆ ಕನ್ನಡಕ್ಕೆ ತಂದು ಹಾಕಿದರು. ಕನ್ನಡ ಸಿನಿಮಾ ಕೆಲಸ ಇಲ್ಲೇ ಆಗಲಿ ಅಂತ ಬೆಂಗಳೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ಬೆಂಗಳೂರಿಗೆ ಮೆಟ್ರೊ ರೈಲು ಬೇಕು, ಬಡವರಿಗೆ ಕಡಿಮೆ ಖರ್ಚಿನ ಮನೆ ಬೇಕು ಅಂತ 80ರ ದಶಕದಲ್ಲೇ ಓಡಾಡಿದರು. ಮೆಟ್ರೊ ಓಡಿದ್ದು 2011ರಲ್ಲಿ.

ಲೋಕಾಪುರಕ್ಕೆ ಹೊರಟಿದ್ದ ಕಾರು

ಶಂಕರ್ ನಾಗ್ ಅವರ ಕೊನೇ ಪ್ರಯಾಣ ನಮ್ಮ ಕಡೆಗೇ ಇತ್ತು ಅನ್ನೋದು ಇಲ್ಲಿನ ಬಹಳ ಮಂದಿಗೆ ಗೊತ್ತಿಲ್ಲ.

ಆ ಸಿನಿಮಾ ಹೆಸರು 'ಜೋಕುಮಾರಸ್ವಾಮಿ'. ಡಾ. ಚಂದ್ರಶೇಖರ ಕಂಬಾರರ ನಾಟಕ. ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು, ಬೆಳಗಾವಿ ಜಿಲ್ಲೆಯ ಮಾತನ್ನೇ ನಾಟಕದ ಮಾತು ಮಾಡಿದವರು, ಮುಂದೆ ಜ್ಞಾನಪೀಠ ಪಡೆದವರು. ಗಣಪತಿ ಹಬ್ಬ ಮುಗಿದ ಮೇಲೆ ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನ್ನ ಕೂರಿಸಿ, ಹೆಣ್ಣುಮಕ್ಕಳು ತಲೆ ಮೇಲೆ ಹೊತ್ತು ಮನೆ ಮನೆಗೆ ಹಾಡ್ತಾ ಬರೋದು ಈ ಭಾಗದ ಪದ್ಧತಿ. ಆ ಪದ್ಧತಿಯಿಂದಲೇ ಹುಟ್ಟಿದ ನಾಟಕ. ಒಳಗೆ ಇರೋದು ಗೌಡನ ದರ್ಪ ಮತ್ತು ಉಳುವವನಿಗೆ ಹೊಲ ಸೇರಬೇಕು ಅನ್ನೋ ಜಗಳ.

ಅದರ ಚಿತ್ರೀಕರಣ ಲೋಕಾಪುರದಲ್ಲಿ ಗೊತ್ತಾಗಿತ್ತು. ಬೆಳಗಾವಿಯಿಂದ ಯರಗಟ್ಟಿ ಮೇಲೆ ಬಾಗಲಕೋಟೆಗೆ ಹೋಗೋ ದಾರಿಯಲ್ಲಿ ಸಿಗೋ ಊರು. ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. 1990ರ ಸೆಪ್ಟೆಂಬರ್ ಕೊನೆಯಲ್ಲಿ ಶಂಕರ್, ಅರುಂಧತಿ ಮತ್ತು ಪುಟ್ಟ ಮಗಳು ಕಾರಿನಲ್ಲಿ ಹೊರಟರು. ಪುಣೆ-ಬೆಂಗಳೂರು ಹೆದ್ದಾರಿ. ಆಗ ಅದು ಈಗಿನಂಗೆ ಅಗಲ ಇರಲಿಲ್ಲ, ನಡುವೆ ವಿಭಜಕ ಇರಲಿಲ್ಲ. ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತ ಆಯಿತು. ಶಂಕರ್ ತೀರಿಕೊಂಡರು. ಅರುಂಧತಿ ಮತ್ತು ಮಗಳು ಗಾಯಗೊಂಡು ಬದುಕುಳಿದರು. 36 ತುಂಬೋದಕ್ಕೆ 40 ದಿನ ಬಾಕಿ ಇತ್ತು.

ಸರಕು ತರೋದಕ್ಕೆ, ಆಸ್ಪತ್ರೆಗೆ, ಸಂದರ್ಶನಕ್ಕೆ ಅಂತ ಬೆಳಗಾವಿ, ಖಾನಾಪುರದವರು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗೋದು ಇದೇ ಹೆದ್ದಾರಿ ಮೇಲೆ. ದಾವಣಗೆರೆ ಬರೋ ಹೊತ್ತಿಗೆ ಎಲ್ಲರೂ ನಿದ್ದೆಯಲ್ಲಿರ್ತಾರೆ. ಆನಗೋಡು ಹಾಗೇ ದಾಟಿ ಹೋಗುತ್ತೆ.

ಬೆಳಗಾವಿ ಜಿಲ್ಲೆಯ ಮಾತು, ಬೆಳಗಾವಿ ಜಿಲ್ಲೆಯವರು ಬರೆದ ನಾಟಕ. ಅದನ್ನ ಶಂಕರ್ ನಾಗ್ ತೆರೆ ಮೇಲೆ ಹೇಗೆ ಆಡ್ತಿದ್ದರು ಅನ್ನೋದನ್ನ ನೋಡೋ ಭಾಗ್ಯ ಈ ಜಿಲ್ಲೆಗೆ ಸಿಗಲಿಲ್ಲ.

ಭಾಷೆ ನಾಲ್ಕು, ಕೆಲಸ ಒಂದೇ

ಗಂಡ ಹೋದ ಮೇಲೆ ಅರುಂಧತಿ ನಾಗ್ ಸುಮ್ಮನೆ ಕೂರಲಿಲ್ಲ. ಇಬ್ಬರೂ ಕಂಡಿದ್ದ ಕನಸನ್ನ ಹಿಡಿದು ವರ್ಷಗಟ್ಟಲೆ ದುಡಿದರು. 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೆಯಿತು. ಅಲ್ಲಿ ಕನ್ನಡದ ಜೊತೆಗೆ ಬೇರೆ ಭಾಷೆಯ ನಾಟಕಗಳೂ ಆಡ್ತಾವೆ.

ನವೆಂಬರ್ 1 ಬಂದ್ರೆ ಬೆಳಗಾವಿಯಲ್ಲಿ ಚೆನ್ನಮ್ಮ ವೃತ್ತದ ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಕರಾಳ ದಿನ. ಎರಡರ ನಡುವೆ ಅಂಗಡಿಕಾರರು ಶಟರ್ ಅರ್ಧ ಇಳಿಸಿಕೊಂಡು ಕೂರೋದು ಹೊಸದಲ್ಲ. ಅದಾಗಿ ಎಂಟೇ ದಿನಕ್ಕೆ, ನವೆಂಬರ್ 9ಕ್ಕೆ, ಶಂಕರ್ ನಾಗ್ ಹುಟ್ಟಿದ ದಿನ. ಮನೆಯಲ್ಲಿ ಕೊಂಕಣಿ ಆಡಿದವರು, ಕೆಲಸ ಮರಾಠಿಯಲ್ಲಿ ಕಲಿತವರು, ಕನ್ನಡದಲ್ಲಿ ಬದುಕಿದವರು, ಹಿಂದಿಯಲ್ಲಿ ಇಡೀ ದೇಶಕ್ಕೆ ಕಥೆ ಹೇಳಿದವರು. ಒಂದನ್ನ ಪ್ರೀತಿಸೋದಕ್ಕೆ ಇನ್ನೊಂದನ್ನ ದ್ವೇಷಿಸಬೇಕಾಗಿಲ್ಲ ಅಂತ ಅವರು ಭಾಷಣ ಮಾಡಲಿಲ್ಲ, ಮಾಡಿ ತೋರಿಸಿದರು. ಖಾನಾಪುರದಂಥ ತಾಲೂಕಿಗೆ, ಒಂದೇ ಗಿರಾಕಿ ಜೊತೆ ಎರಡು-ಮೂರು ಭಾಷೆಯಲ್ಲಿ ವ್ಯಾಪಾರ ಮಾಡೋ ಅಂಗಡಿಕಾರರಿಗೆ, ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ.

ಇವುಗಳಲ್ಲಿ ಬಹಳಷ್ಟು ಮೊಬೈಲಿನಲ್ಲೇ ಹುಡುಕಿದ್ರೆ ಸಿಗ್ತವೆ. ಹುಡುಗರು 'ಮಿಂಚಿನ ಓಟ'ದಿಂದ, ಮನೆಮಂದಿ 'ಮಾಲ್ಗುಡಿ ಡೇಸ್'ನಿಂದ, ಹಿರಿಯರು 'ಒಂದಾನೊಂದು ಕಾಲದಲ್ಲಿ'ಯಿಂದ ಶುರು ಮಾಡಬಹುದು. 'ಆಕ್ಸಿಡೆಂಟ್' ಎಲ್ಲರೂ ಒಟ್ಟಿಗೆ ಕೂತು ನೋಡಲಿ. ಹೆಡ್‌ಫೋನ್ ಹಾಕ್ಕೊಂಡು ಒಬ್ಬೊಬ್ಬರೇ ನೋಡೋದಕ್ಕಿಂತ, ಮುಗಿದ ಮೇಲೆ ಹತ್ತು ನಿಮಿಷ ಮಾತಾಡೋದಕ್ಕೆ ಪಕ್ಕದಲ್ಲಿ ಯಾರಾದ್ರೂ ಇದ್ರೆ ಚೆಂದ.